ಏಳನೆಯ ಪಟ್ಟಿ

ಫೆಬ್ರವರಿ ೯

ಸೊಸೆ ಇವತ್ತು ಒಂದು ಅರ್ಜಿ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಎಂ.ಎಸ್ಸಿ. ಓದಬೇಕಂತೆ. ಎರಡು ವರ್ಷ, ಬೆಳಗಿನಿಂದ ಸಂಜೆಯವರೆಗೆ. ವಯಸ್ಸು ಮೂವತ್ತಮೂರು, ಮಗಳಿಗೆ ಒಂಬತ್ತು ತುಂಬಿದೆ, ಹನ್ನೊಂದು ವರ್ಷದಿಂದ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ನೂಲು ಬಟ್ಟೆ ಅದ್ದಿದ್ದಾಳೆ. ಇನ್ನು ಕಲಿಯುವುದು ಏನು ಬಾಕಿ ಇದೆ ಎಂದು ಕೇಳಿದೆ.

"ಬಣ್ಣ ಹೇಗೆ ಹಿಡಿಯುತ್ತೆ ಅಂತ ನಿಮ್ಮಿಂದ ಕಲಿತೆ ಅತ್ತೆ. ಬಿಸಿಲಿಗೆ ಯಾಕೆ ಹೋಗುತ್ತೆ ಅಂತ ಕಲೀಬೇಕು."

"ನಮ್ಮ ಬಣ್ಣ ಹೋಗಲ್ಲ" ಎಂದೆ. ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅರ್ಜಿಯ ಜೊತೆ ಎರಡು ಶಿಫಾರಸು ಪತ್ರ ಬೇಕಂತೆ. ಒಂದು ಹಳೆಯ ಮೇಷ್ಟರದು. ಅವರು ನಿವೃತ್ತರಾಗಿ ಎಲ್ಲಿದ್ದರೋ, ಹುಡುಕಿ ಹೋಗಿ ಬರೆಸಿಕೊಂಡು ಬಂದಿದ್ದಾಳೆ. ಅಂದರೆ ಈ ಒಳಸಂಚು ತಿಂಗಳುಗಳಿಂದ ನಡೆದಿದೆ. ಇನ್ನೊಂದು ಕೆಲಸ ಕೊಟ್ಟವರದು. ಕೆಲಸ ಕೊಟ್ಟವಳು ನಾನು. ಪತ್ರವನ್ನು ಅವಳು ನೋಡುವ ಹಾಗಿಲ್ಲ. ನಾನೇ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಬೇಕು.

ಮಗನನ್ನು ಕರೆದು "ನಿನಗೆ ಗೊತ್ತಿತ್ತೇನೋ?" ಎಂದೆ. ಬಣ್ಣದ ಹಂಡೆಯ ಕಡೆ ನೋಡಿಕೊಂಡು "ಸ್ವಲ್ಪ" ಎಂದ. ಅವನಿಗೆ ಹುಟ್ಟಿದಾಗಿನಿಂದ ಎಲ್ಲವೂ ಸ್ವಲ್ಪವೇ ಗೊತ್ತು.

ಫೆಬ್ರವರಿ ೧೩

ನಾಳೆ ಕೊನೆಯ ದಿನ. ನಾಲ್ಕು ದಿನದಲ್ಲಿ ಅವಳು ಒಮ್ಮೆಯೂ ಪತ್ರ ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು.

ಕೇಳಿದ್ದು ಮೊಮ್ಮಗಳು. "ಅಜ್ಜಿ, ನೀನು ಅಮ್ಮನ ಹೆಡ್ ಮಿಸ್ಸಾ?"

"ಹೌದು."

"ಹಾಗಾದ್ರೆ ಪಾಸ್ ಮಾಡ್ತೀಯಾ, ಫೇಲ್ ಮಾಡ್ತೀಯಾ?"

"ಹೋಗೇ ಪುಟ್ಟಿ, ನಿನ್ನ ಲೆಕ್ಕ ಮಾಡು ಹೋಗು" ಎಂದು ಗದರಿಸಿದೆ. ಆಮೇಲೆ ಕಾಗದ ತೆಗೆದೆ. ಹೈಸ್ಕೂಲು ಮುಗಿಸಿದವಳು ನಾನು, ಕೈಬರಹಕ್ಕೆ ಬಹುಮಾನ ಬಂದಿತ್ತು. ಪತ್ರ ಬರೆಯಲು ಬಾರದೆ ಏನಿಲ್ಲ. ಆದರೆ ಸುಳ್ಳು ಬರೆದು ಅಭ್ಯಾಸವಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದೆ. ಪ್ರತಿ ಇಲ್ಲಿರಲಿ:

"ಇವರು ನನ್ನ ಸೊಸೆ. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದಿಲ್ಲ, ಮೊದಲು ಒಂದು ಎಳೆಯ ಮೇಲೆ ಮಾಡಿ ನೋಡುತ್ತಾರೆ. ಇದರಿಂದ ಹೊತ್ತು ಹಾಳು. ಕೆಟ್ಟ ನೂಲನ್ನು ಬಿಸಾಡಲು ಬಿಡುವುದಿಲ್ಲ. ಏಕೆ ಕೆಟ್ಟಿತೆಂದು ಆಮೇಲೆ ನೋಡಬೇಕಂತೆ, ಚೀಟಿ ಕಟ್ಟಿ ಅಟ್ಟದಲ್ಲಿ ಇಟ್ಟುಕೊಂಡಿದ್ದಾರೆ. ಅಟ್ಟ ತುಂಬಿದೆ. ಹಿರಿಯರ ಮಾತಿಗೂ 'ಯಾಕೆ' ಎನ್ನುತ್ತಾರೆ, ಆದರೆ ದನಿ ಏರಿಸುವುದಿಲ್ಲ. ಕಳ್ಳತನ ಮಾಡಿಲ್ಲ."

ಇದನ್ನು ಓದಿದ ಮೇಲೆ ಯಾವ ಕಾಲೇಜೂ ಕರೆಯುವುದಿಲ್ಲ. ನನ್ನ ತಪ್ಪೇನಿದೆ? ಒಂದಕ್ಷರ ಸುಳ್ಳಿಲ್ಲ.

ಏಪ್ರಿಲ್ ೨

ಸಂದರ್ಶನಕ್ಕೆ ಕರೆದರು. ಹೋಗಿ ಬಂದಳು. ಮೇಜಿನ ಆಚೆ ನಾಲ್ಕು ಜನ ಕೂತಿದ್ದರಂತೆ. ಮೊದಲ ಪ್ರಶ್ನೆಯೇ ಅಟ್ಟದಲ್ಲಿ ಎಷ್ಟು ಚೀಟಿ ಇದೆ ಎಂದು. ಇನ್ನೂರ ಹದಿನಾಲ್ಕು ಎಂದಳಂತೆ. ಎಲ್ಲರೂ ಮುಖ ಮುಖ ನೋಡಿಕೊಂಡು, ಮುಕ್ಕಾಲು ಗಂಟೆ ಅದನ್ನೇ ಕೇಳಿದರಂತೆ.

"ಅಟ್ಟದ ವಿಷಯ ಅವರಿಗೆ ಹೇಗೆ ಗೊತ್ತಾಯ್ತು ಅತ್ತೆ?"

"ನನಗೇನು ಗೊತ್ತು" ಎಂದೆ. ಈ ಸುಳ್ಳು ಬಾಯಲ್ಲಿ ಹೇಳಿದ್ದು, ಬರೆದದ್ದಲ್ಲ.

ಜೂನ್ ೨೦

ಸೀಟು ಸಿಕ್ಕಿತು. ನಾನು ಅಡ್ಡ ಬರಲಿಲ್ಲ. ಒಂದೇ ನಿಯಮ ಹಾಕಿದೆ. "ಹೋಗು, ಓದು. ಆದರೆ ನನ್ನ ಮುಂದೆ ಕಾಲೇಜಿನ ಮಾತು ಎತ್ತಬೇಡ. ಅಲ್ಲಿಯದು ಅಲ್ಲಿ, ಇಲ್ಲಿಯದು ಇಲ್ಲಿ."

"ಆಯ್ತು ಅತ್ತೆ" ಎಂದಳು. ಆಯಿತು ಎಂದರೆ ಅವಳು ಪಾಲಿಸುತ್ತಾಳೆ. ಆ ಗುಣ ಪತ್ರದಲ್ಲಿ ಬಿಟ್ಟುಹೋಗಿತ್ತು.

ಆಗಸ್ಟ್ ೮

ಮಾತು ಬೇಡ ಎಂದವಳು ಕಣ್ಣು ಮುಚ್ಚಿಕೊಂಡಿರಲು ಆಗುತ್ತದೆಯೇ? ಐದಕ್ಕೆ ಏಳುತ್ತಾಳೆ. ಆರು ಹಂಡೆಗೂ ನೀರು ತುಂಬಿಸಿ, ಪುಟ್ಟಿಗೆ ಜಡೆ ಹಾಕಿ, ಏಳು ನಲವತ್ತರ ಬಸ್ಸು ಹಿಡಿಯುತ್ತಾಳೆ. ಸಂಜೆ ಒಲೆಯ ಪಕ್ಕದ ಗೋಡೆಗೆ ಹಾಳೆ ಅಂಟಿಸಿಕೊಂಡು, ಸೌಟು ತಿರುಗಿಸುತ್ತ ಬಾಯಿಪಾಠ. ನಿನ್ನೆ ಅಡುಗೆ ತಳ ಹಿಡಿಯಿತು. ತಳ ಹಿಡಿದ ಪಾತ್ರೆಯನ್ನು ತೆಗೆದು ಅವಳ ಪುಸ್ತಕದ ಪಕ್ಕದಲ್ಲಿ ಇಟ್ಟೆ, ಅಷ್ಟೆ.

ತರಗತಿಯಲ್ಲಿ ಎಲ್ಲರಿಗೂ ಇಪ್ಪತ್ತೆರಡರ ಆಸುಪಾಸು. ಇವಳನ್ನು ಅಕ್ಕ ಎನ್ನುತ್ತಾರೆ, ಮುಂದಿನ ಬೆಂಚಿನಲ್ಲಿ ಜಾಗ ಹಿಡಿದುಕೊಡುತ್ತಾರೆ, ಬದಲಿಗೆ ಇವಳ ಊಟದ ಡಬ್ಬಿ ಖಾಲಿ ಮಾಡುತ್ತಾರೆ. ಬಣ್ಣ ಅಳೆಯುವ ಯಂತ್ರ ಇಡೀ ವಿಭಾಗಕ್ಕೆ ಒಂದೇ. ನಲವತ್ತು ಜನಕ್ಕೆ ಸರದಿ; ಇವಳ ಸರದಿ ಬಂದರೆ ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ನಮ್ಮಲ್ಲಿ ಐದು ಜನಕ್ಕೆ ಆರು ಹಂಡೆ. ದೊಡ್ಡ ವಿಶ್ವವಿದ್ಯಾಲಯವಂತೆ!

ಇದೆಲ್ಲ ಪುಟ್ಟಿ ಹೇಳಿದ್ದು. ನಿಯಮ ಪುಟ್ಟಿಗೆ ಹಾಕಿಲ್ಲ.

ನಾಳೆಯಿಂದ ಡಬ್ಬಿಗೆ ಎರಡು ಪಾಲು ಹಾಕಬೇಕು. ಆ ಮನೆಯ ಡಬ್ಬಿ ಎರಡು ತುತ್ತಿಗೆ ಮುಗಿಯುತ್ತದೆ ಎಂದು ಯಾರೂ ಆಡಿಕೊಳ್ಳಬಾರದು.

ಡಿಸೆಂಬರ್ ೧೭

ಸಂಖ್ಯಾಶಾಸ್ತ್ರದಲ್ಲಿ ಫೇಲಾದಳು. ನೂಲಿನ ಕೋಣೆಯಲ್ಲಿ ಅಳುತ್ತಿದ್ದಳು. ಬಾಗಿಲವರೆಗೆ ಹೋಗಿ ಹಿಂದಕ್ಕೆ ಬಂದೆ.

ಬೆಳಿಗ್ಗೆ ಹಂಡೆಯ ಹತ್ತಿರ ಕೇಳಿದೆ. "ಗಾಢ ಕೆಂಪು ಒಂದೇ ಅದ್ದಿಗೆ ಬರುತ್ತೇನೇ?"

"ಇಲ್ಲ ಅತ್ತೆ."

"ಮತ್ತೆ ಇನ್ನೊಂದು ಸಲ ಅದ್ದು. ಅದಕ್ಯಾಕೆ ಮೂಗು ಕೆಂಪು ಮಾಡಿಕೊಳ್ಳೋದು?"

ನೂಲಿನ ಮಾತು ಆಡಿದ್ದು. ನಿಯಮ ಮುರಿದಿಲ್ಲ.

ಜನವರಿ ೧೨, ಹೊಸ ಪುಸ್ತಕ

ಅವಳು ಫೇಲಾಗಿ ಒಂದು ವರ್ಷ ದಾಟಿತು, ಹೋದ ವರ್ಷದ ಪುಸ್ತಕ ಪೂರ್ತಿ ಖಾಲಿ. ಕೆಲಸ ಸರಿಯಾಗಿ ನಡೆಯುವಾಗ ಬರೆಯಲು ಏನಿರುತ್ತದೆ? ಸಂಖ್ಯಾಶಾಸ್ತ್ರ ಎರಡನೆಯ ಸಲಕ್ಕೆ ಪಾಸಾದಳು. ಇನ್ನು ನಾಲ್ಕೂವರೆ ತಿಂಗಳು. ಮೇ ಕೊನೆಗೆ ಒಂದು ಪ್ರಬಂಧ ಬರೆದು ಕೊಟ್ಟರೆ ಮುಗಿಯಿತು.

ಮಗನೂ ಕೋಲಣ್ಣನೂ ಏನೋ ಹಲಗೆಗಳನ್ನು ತಾರಸಿಗೆ ಹೊತ್ತರು. ಮೂವತ್ತು ವರ್ಷದಿಂದ ನಮ್ಮ ಹಂಡೆಗಳಿಗೆ ಕೋಲು ಹಾಕಿ ತಿರುವಿದವನು, ಅದಕ್ಕೇ ಅವನು ಕೋಲಣ್ಣ. "ಏನೋ ಅದು?" ಎಂದೆ.

"ಕಾಲೇಜಿಂದು ಅಮ್ಮಾವ್ರೇ. ನಿಮ್ಮ ಮುಂದೆ ಹೇಳೋ ಹಾಗಿಲ್ಲವಲ್ಲ!"

ನಾನು ಹಾಕಿದ ಬೇಲಿಯನ್ನು ನನಗೇ ತೋರಿಸಿ ಹಲ್ಲು ಕಿರಿದ. ನಾನೂ ಮತ್ತೆ ಕೇಳಲಿಲ್ಲ. ಹೇಗೂ ನನ್ನ ಮಂಡಿ ತಾರಸಿಯ ಮೆಟ್ಟಿಲಿಗೆ ಒಪ್ಪುವುದಿಲ್ಲ.

ಮಾರ್ಚ್ ೧೯

ನಾಳೆ ಪರದೆ ಬಟ್ಟೆಯ ವ್ಯಾಪಾರಿ ಬರುತ್ತಾರೆ. ದೊಡ್ಡ ಹೋಟೆಲೊಂದರ ಎಲ್ಲ ಕಿಟಕಿಗೂ ನಮ್ಮ ಕೆಂಪೇ ಬೇಕಂತೆ. ಬಟ್ಟೆ ಒಣಗಿಸುವ ತಾರಸಿಯನ್ನೂ ನೋಡುತ್ತಾರೆ ಎಂದು ಮಗ ಹೇಳಿದ. ಎಲ್ಲರೂ ಊಟಕ್ಕೆ ಹೋದಾಗ ಮಂಡಿ ಹಿಡಿದುಕೊಂಡು ಹತ್ತಿದೆ. ಹತ್ತಿದ್ದು ಒಳ್ಳೆಯದಾಯಿತು.

ಆರು ಹಲಗೆ. ಒಂದೊಂದರ ಮೇಲೂ ಕೆಂಪು ಬಟ್ಟೆಯ ಹತ್ತು ಪಟ್ಟಿ, ಗುಂಡುಸೂಜಿಯಿಂದ ಸಿಕ್ಕಿಸಿದ್ದು. ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿದೆ. ಎತ್ತಿ ನೋಡಿದರೆ ಮುಚ್ಚಿದ ಕಡೆ ಹೊಳೆಯುವ ಕೆಂಪು, ತೆರೆದ ಕಡೆ ಹೆಚ್ಚಿನವು ನೆಲ ಒರೆಸಿದ ಬಟ್ಟೆಯ ಹಾಗೆ. ಕಾಲೇಜಿನಲ್ಲಿ ಆತುರಾತುರವಾಗಿ ಅದ್ದಿದ್ದಾಳೆ, ಸರಿಯಾಗಿ ಕುದಿಸಿಲ್ಲ. ಇವನ್ನು ನಮ್ಮ ತಾರಸಿಯ ಮೇಲೆ ವ್ಯಾಪಾರಿ ಕಂಡರೆ ಏನೆಂದುಕೊಂಡಾರು?

ಅರವತ್ತೂ ಪಟ್ಟಿ ಬಿಚ್ಚಿದೆ. ಒಂದು ಪಾತ್ರೆಗೆ ಸಾಕಾಗುವಷ್ಟು ಬಟ್ಟೆ. ಮಂಜಿಷ್ಠದ ಬೇರಿನ ಬಣ್ಣದಲ್ಲಿ ಮುಕ್ಕಾಲು ಗಂಟೆ ಇಟ್ಟು, ಕೊನೆಯ ಅದ್ದನ್ನೂ ಕೊಟ್ಟೆ. ನಮ್ಮ ಕೆಂಪಿನ ಗುಟ್ಟು ಅದೇ: ಬೇರಿನ ಕೆಂಪು ಹಿಡಿದ ಮೇಲೆ ಹಳದಿ ಹೂವಿನ ನೀರಿನಲ್ಲಿ ಒಂದು ಮುಳುಗು. ನಮ್ಮ ಅತ್ತೆ ನನಗೆ ಕೊಟ್ಟದ್ದು ಅದೊಂದೇ, ಉಳಿದದ್ದೆಲ್ಲ ಬೈಗುಳ. ಒಣಗಿಸಿ, ಇಸ್ತ್ರಿ ಮಾಡಿ, ಅವೇ ಸೂಜಿಗಳಿಂದ ಸಾಲಾಗಿ ಸಿಕ್ಕಿಸಿದೆ. ನಂಬರಿನ ಚೀಟಿಗಳು ನೀರಿನಲ್ಲಿ ಬಿಟ್ಟುಹೋದವು. ಕಪ್ಪು ಕಾಗದವನ್ನು ಒಲೆಗೆ ಹಾಕಿದೆ. ಈಗ ಅರವತ್ತೂ ಒಂದೇ ಬಣ್ಣ, ಒಂದೇ ಹೊಳಪು.

ನಾನಾಗಿ ಹೇಳುವುದಿಲ್ಲ. ನೋಡಿದರೆ ಅವಳಿಗೇ ಗೊತ್ತಾಗುತ್ತದೆ.

ಮಾರ್ಚ್ ೨೦

ಗೊತ್ತಾಯಿತು.

ಬೆಳಿಗ್ಗೆ ಆರಕ್ಕೆ ತಾರಸಿಗೆ ಹೋದವಳು ಕೆಳಗೆ ಬರಲಿಲ್ಲ. ಮಗ ನೋಡಿ ಬಂದ. "ಅಮ್ಮ, ಹಲಗೆ ಮುಟ್ಟಿದೆಯಾ?"

"ಮುಟ್ಟಿದ್ದಲ್ಲ. ಸರಿ ಮಾಡಿದೆ."

ಅವನು ನೆಲದ ಮೇಲೆ ಕೂತುಬಿಟ್ಟ. ಆ ಪಟ್ಟಿಗಳು ಮಾಸಲೆಂದೇ ಇಟ್ಟವಂತೆ. ಹತ್ತು ವಿಧದಲ್ಲಿ ಅದ್ದಿದ ಕೆಂಪು ತೊಂಬತ್ತು ದಿನದ ಬಿಸಿಲಿಗೆ ಎಷ್ಟೆಷ್ಟು ಮಾಸುತ್ತದೆ ಎಂಬುದೇ ಅವಳ ಪ್ರಬಂಧ. ಕಾಲೇಜಿನ ಮೇಲೆ ಎತ್ತರದ ಕಟ್ಟಡದ ನೆರಳು ಬೀಳುವುದರಿಂದ ನಮ್ಮ ತಾರಸಿಯಲ್ಲಿಡಲು ಕಾಲೇಜಿನವರ ಅಪ್ಪಣೆ ಪಡೆದಿದ್ದಳಂತೆ. ಅರವತ್ತೇಳು ದಿನ ಆಗಿತ್ತಂತೆ.

ಅವಳು ಇಳಿದು ಬಂದಾಗ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಕೈಯಲ್ಲಿ ನೋಟು ಪುಸ್ತಕ.

"ಎಷ್ಟು ಹೊತ್ತು ಅದ್ದಿದ್ರಿ ಅತ್ತೆ?"

"ಮುಕ್ಕಾಲು ಗಂಟೆ."

"ಕೊನೆ ಅದ್ದು?"

"ಕೊಟ್ಟೆ."

"ಕಪ್ಪು ಕಾಗದ?"

"ಒಲೆಗೆ."

ಮೂರನ್ನೂ ಬರೆದುಕೊಂಡಳು. "ಬೈದುಬಿಡೇ" ಎಂದೆ.

"ಬೈದರೆ ಅರವತ್ತೇಳು ದಿನ ವಾಪಸ್ ಬರುತ್ತಾ ಅತ್ತೆ?" ಎಂದು ಬಸ್ಸಿಗೆ ಹೋದಳು.

ವ್ಯಾಪಾರಿ ಬಂದರು, ನೋಡಿದರು, ಹೊಗಳಿದರು. 'ಇಷ್ಟೊಂದು ಹೊಳಪು ಬೇರೆಲ್ಲೂ ಇಲ್ಲ' ಎಂದರಂತೆ. ನನ್ನ ಕಿವಿಗೆ ಬೀಳಲಿಲ್ಲ.

ಮಾರ್ಚ್ ೨೨

ಅವಧಿ ಹೆಚ್ಚಿಸಲು ಅರ್ಜಿ ಕೊಡಬೇಕು. ಕೊಡದೆ ಹೋದರೆ ಮೇ ಕೊನೆಗೆ ಹೆಸರು ಹೊಡೆದುಹಾಕುತ್ತಾರೆ. ಹೋದ ವರ್ಷ ಒಬ್ಬ ಹುಡುಗನಿಗೆ ಹಾಗೇ ಆಯಿತಂತೆ. ಎರಡು ವರ್ಷ ನೀರಿನಲ್ಲಿ ಹೋಮ. ಅವಳು ಬರೆದ ಅರ್ಜಿ ಮೇಜಿನ ಮೇಲಿತ್ತು. "ಅನಿವಾರ್ಯ ಕಾರಣಗಳಿಂದ ಮಾದರಿಗಳು ಹಾಳಾಗಿರುವುದರಿಂದ."

ಅರವತ್ತೇಳು ವರ್ಷ ಬದುಕಿದ್ದೇನೆ. ಯಾರೂ ನನ್ನನ್ನು ಅನಿವಾರ್ಯ ಕಾರಣ ಎಂದಿರಲಿಲ್ಲ.

"ಯಾರು ಹಾಳು ಮಾಡಿದ್ದು ಅಂತ ಬರಿ" ಎಂದೆ.

"ಬೇಡ ಅತ್ತೆ. ಮನೆ ಮಾತು ಮನೇಲಿರಲಿ."

"ನಿನ್ನ ಕೈಯಲ್ಲೇ ಹಾಳಾಯ್ತು ಅಂದ್ಕೋತಾರೆ."

"ಅಂದ್ಕೊಳ್ಲಿ ಬಿಡಿ."

"ನನ್ನ ಹತ್ತಿರ ಕೆಲಸ ಕಲಿತವಳು ಬಟ್ಟೆ ಹಾಳು ಮಾಡಿದ್ಳು ಅಂತ ನಾಲ್ಕು ಜನ ಅನ್ನೋದಾ? ನಾನು ಜೀವಂತ ಇರೋವರೆಗೆ ಆಗಲ್ಲ. ನಾನೂ ಬರ್ತೀನಿ."

ಮಾರ್ಚ್ ೨೪

ಏಳು ನಲವತ್ತರ ಬಸ್ಸಿನಲ್ಲಿ ಕೂರಲು ಜಾಗವೇ ಇರುವುದಿಲ್ಲ. ಇವಳು ದಿನಾ ನಿಂತುಕೊಂಡು ಓದುತ್ತಾಳೆ. ಕಂಬಿಗೆ ಮೊಣಕೈ ಸಿಕ್ಕಿಸಿ ಪುಟ ತಿರುಗಿಸುವುದನ್ನು ನೋಡಿದೆ.

ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತ ಫಾರಂ ನೋಡಿ, "ಅಜ್ಜಿ, ಇಲ್ಲಿ ವಿದ್ಯಾರ್ಥಿ ಸಹಿ ಮಾತ್ರ" ಎಂದ.

"ಹಾಳು ಮಾಡಿದವರ ಸಹಿ ಎಲ್ಲಿ ಹಾಕೋದು?"

"ಅದಕ್ಕೆ ಕಾಲಂ ಇಲ್ಲ."

"ಹಾಳೆ ಹಿಂದೆ ಇಷ್ಟು ಜಾಗ ಇದೆಯಲ್ಲಪ್ಪ." ಹಿಂದೆ ಪೂರ್ತಿ ಬರೆದು ಸಹಿ ಹಾಕಿದೆ. ಅವನು ಓದಿ, ಪಕ್ಕದವನಿಗೂ ಓದಿ ಹೇಳಿ, ಎರಡು ಮುದ್ರೆ ಒತ್ತಿದ. ಯಾವ ಮುದ್ರೆ ಎಂದು ಅವನಿಗೂ ಗೊತ್ತಿದ್ದ ಹಾಗಿರಲಿಲ್ಲ.

ಅವಳ ಪ್ರಬಂಧ ನೋಡಿಕೊಳ್ಳುವ ಗೈಡ್ ಮೇಡಂ ನನ್ನ ಮಗನಿಗಿಂತ ಚಿಕ್ಕವರು. ಕೂದಲಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದರು. ಕೂರಿ ಎಂದರು, ಕೂರಲಿಲ್ಲ. ತಪ್ಪು ಹೇಳಲು ಬಂದವರು ನಿಂತೇ ಹೇಳಬೇಕು.

"ನಾನೇ ಮಾಡಿದ್ದು. ಕೇಳದೆ ಮಾಡಿದೆ."

"ಯಾಕೆ ಕೇಳ್ಲಿಲ್ಲ?"

"ಯಜಮಾನರು ಹೋದ ಮೇಲೆ ನಾನು ಯಾರನ್ನೂ ಏನೂ ಕೇಳಿಲ್ಲ." ಇನ್ನೂ ಒಂದು ಉಳಿದಿತ್ತು. ಅದನ್ನೂ ಹೇಳಿದೆ. "ಇವಳು ನನಗೆ ಮೊದಲೇ ಹೇಳ್ಲಿಲ್ಲ ಅನ್ಬೇಡಿ. ನನ್ನ ಮುಂದೆ ಕಾಲೇಜಿನ ಮಾತು ಆಡಬಾರದು ಅಂತ ನಾನೇ ಬಾಯಿ ಕಟ್ಟಿದ್ದೆ."

ಸೊಸೆ ನೆಲ ನೋಡುತ್ತಿದ್ದಳು.

"ಮೂರು ತಿಂಗಳು ಕೊಡಿಸ್ತೀನಿ" ಎಂದರು ಮೇಡಂ. "ಹೊಸ ಪಟ್ಟಿ, ತೊಂಬತ್ತು ದಿನ. ಹಲಗೆ ಬೆಳಿಗ್ಗೆ ಬಿಸಿಲಿಗೆ ಬರ್ಬೇಕು, ಮಳೆ ಬಂದ್ರೆ ಒಳಗೆ ಹೋಗ್ಬೇಕು, ಗಂಟೆ ಗಂಟೆಗೂ ಬರೆದಿಡ್ಬೇಕು. ಒಂದು ದಿನ ತಪ್ಪಿದ್ರೂ ನಾನು ಸಹಿ ಹಾಕಲ್ಲ. ಇವರಿಗೆ ಇಲ್ಲಿ ಯಂತ್ರದ ಕೆಲಸ ಇರುತ್ತೆ. ಅಲ್ಲಿ ನೋಡ್ಕೊಳ್ಳೋರು ಯಾರು?"

ಸೊಸೆ ಬಾಯಿ ತೆರೆಯುವ ಮೊದಲೇ "ನಾನು" ಎಂದೆ.

"ನೀವಾ?"

"ಕೆಡಿಸೋಕೆ ಬಂದ ಕೈಗೆ ಕಾಯೋಕೂ ಬರುತ್ತೆ."

ಮಾರ್ಚ್ ೨೮

ಹತ್ತು ಬಗೆಯೂ ಮೊದಲ ದಿನ ಕಣ್ಣಿಗೆ ಒಂದೇ ಕೆಂಪಾಗಿ ಕಾಣಬೇಕು. ಹಾಗೆ ಹದ ಮಾಡಿ ಅದ್ದಬೇಕು. ಬೇರೆ ಕಾರ್ಖಾನೆಗಳ ವಿಧಾನಗಳೂ ಸೇರಿ ಒಂಬತ್ತನ್ನು ಸೊಸೆ ಅದ್ದಿದಳು. ನಮ್ಮ ಮನೆಯ ಕೆಂಪನ್ನು ನಾನೇ ಅದ್ದಿದೆ. ಬೇರು ನಾನೇ ಆರಿಸಿ, ನಾನೇ ಕುಟ್ಟಿ, ಕೊನೆಯ ಅದ್ದು ನಾನೇ ಕೊಟ್ಟೆ. ಹಿಂದಿನ ಸಲ ಆತುರದ ಕೈಯಲ್ಲಿ ಅದ್ದಿದ್ದಕ್ಕೆ ಹಾಗೆ ಮಾಸಿತ್ತು. ಈ ಸಲ ನೋಡಲಿ.

ಯಾವ ನಂಬರು ಯಾವುದು ಎಂದು ನನಗೆ ಹೇಳುವ ಹಾಗಿಲ್ಲವಂತೆ. "ಗೈಡ್ ಮೇಡಂ ನಿಯಮ ಅತ್ತೆ. ಎಷ್ಟು ಮಾಸಿದೆ ಅಂತ ಕೊನೆಗೆ ಕಣ್ಣಿಂದ ನೋಡಿ ಅಂಕ ಕೊಡೋರು ನೀವೇ, ಅದಕ್ಕೆ." ಬಗೆಗಳ ಪಟ್ಟಿಯನ್ನು ಬರೆದು ಲಕೋಟೆಗೆ ಹಾಕಿ ಮೇಡಂ ಹತ್ತಿರವೇ ಇಟ್ಟು ಬಂದಿದ್ದಾಳೆ.

ನಿಯಮ ಅಂದರೆ ನಿಯಮ. ಆದರೂ ನನ್ನ ಕೆಂಪು ನನಗೆ ಗೊತ್ತಾಗದೆ ಇರುತ್ತದೆಯೇ? ಮೂರನೆಯದು.

ಏಪ್ರಿಲ್ ೧೧

ದಿನ ೧೪. ಬಿಸಿಲು ಎಂಟರಿಂದ ಐದು. ಒಂದು ಕಾಗೆ ಎರಡನೆಯ ಹಲಗೆಯ ಅಂಚಿನಲ್ಲಿ ಕೂತಿತ್ತು, ಓಡಿಸಿದೆ. ಪಟ್ಟಿ ಮುಟ್ಟಿಲ್ಲ.

ಮೇ ೨

ದಿನ ೩೫. ಮಧ್ಯಾಹ್ನ ಎರಡು ಹತ್ತಕ್ಕೆ ಹನಿ. ಆರೂ ಹಲಗೆ ಒಳಗೆ. ಎರಡು ಐವತ್ತಕ್ಕೆ ಮತ್ತೆ ಹೊರಗೆ. ಕೋಲಣ್ಣ ಸಹಾಯಕ್ಕೆ ಬಂದ. "ಸೂಜಿ ಮುಟ್ಟಬೇಡ, ಅಂಚು ಹಿಡಿ" ಎಂದೆ. "ಅಮ್ಮಾವ್ರೇ, ಮಗು ಎತ್ತೋ ಹಾಗೆ ಹೇಳ್ತೀರಲ್ಲ" ಎಂದ. ಮಗುವಾದರೆ ಬಿದ್ದರೂ ಅತ್ತು ಸುಮ್ಮನಾಗುತ್ತದೆ.

ಊಟಕ್ಕೆ ಕೂತಾಗ ಇವತ್ತು ಮೇಡಂ ಏನಂದರು ಎಂದು ಸೊಸೆಯನ್ನು ಕೇಳಿದೆ. ಮಗ ನಕ್ಕ. "ಕಾಲೇಜಿನ ಮಾತು ಬೇಡ ಅಂದಿದ್ದೆ?"

"ಇದು ಕಾಲೇಜಿನ ಮಾತಲ್ಲ. ಹಲಗೆ ಮಾತು. ನೀನು ಊಟ ಮಾಡು."

ಮೇ ೨೩

ದಿನ ೫೬. ಬಿಸಿಲು ಪೂರ್ತಿ. ತಾರಸಿಗೆ ದಿನಕ್ಕೆ ಒಂಬತ್ತು ಸಲ. ಮಂಡಿಯ ವಿಷಯ ಬರೆಯಲು ಕಾಲಂ ಇಲ್ಲ.

ನಮ್ಮ ಮೇಡಂ ಒಂದು ಕಾರ್ಡು ಕಳಿಸಿದ್ದಾರೆ. ಅದರಲ್ಲಿ ಬೂದು ಬಣ್ಣದ ಐದು ಜೋಡಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ಇರುವ ವ್ಯತ್ಯಾಸವನ್ನು ಅದರ ಪಕ್ಕ ಹಿಡಿದು ಅಂಕ ಕೊಡುವುದು. ಐದು ಅಂದರೆ ಏನೂ ಮಾಸಿಲ್ಲ. ಒಂದು ಅಂದರೆ ಕಥೆ ಮುಗಿಯಿತು. ಸೊಸೆ ಬೇರೆ ನಲವತ್ತು ಚೂರು ತಂದು ನನ್ನ ಕಣ್ಣನ್ನು ಪರೀಕ್ಷಿಸಿದಳು. ಮೂವತ್ತೇಳು ಅಂಕ ಯಂತ್ರಕ್ಕೆ ಸರಿಹೊಂದಿತು.

"ಉಳಿದ ಮೂರರಲ್ಲಿ ಯಂತ್ರವೇ ತಪ್ಪಿರಬೇಕು" ಎಂದೆ.

"ಅದನ್ನೂ ನೋಡೇಬಿಡೋಣ ಅತ್ತೆ" ಎಂದು ಮೂರನ್ನೂ ಚೀಲಕ್ಕೆ ಹಾಕಿಕೊಂಡಳು. ಎರಡರಲ್ಲಿ ನನ್ನದೇ ತಪ್ಪು. ಒಂದರಲ್ಲಿ ಯಂತ್ರದ್ದು.

ಜೂನ್ ೨೭

ನಿನ್ನೆಗೆ ತೊಂಬತ್ತು ದಿನ. ಒಂದು ದಿನವೂ ತಪ್ಪಲಿಲ್ಲ.

ಇವತ್ತು ಉತ್ತರದ ಕಿಟಕಿಯ ಬಳಿ ಮೇಜು ಹಾಕಿ, ಕಪ್ಪು ಕಾಗದ ಬಿಚ್ಚಿ, ಒಂದೊಂದೇ ಪಟ್ಟಿಗೆ ಅಂಕ ಹೇಳಿದೆ. ಸೊಸೆ ಬರೆದುಕೊಂಡಳು. ಮೂರನೆಯದು ಬಂದಾಗ "ನಾಲ್ಕೂವರೆ. ನೋಡು, ಇದು ಬಣ್ಣ ಅಂದ್ರೆ. ಯಾರ ಕೈಯದು ಅಂತ ಹೇಳೋದೇ ಬೇಡ" ಎಂದೆ. ಅವಳು ತಲೆ ಎತ್ತಲಿಲ್ಲ.

ಏಳನೆಯದು ಬಂತು. ತೆರೆದ ಅರ್ಧ ಹಳೆಯ ಇಟ್ಟಿಗೆಯ ಪುಡಿಯ ಹಾಗೆ. "ಎರಡು. ಎರಡಕ್ಕೂ ಲಾಯಕ್ಕಿಲ್ಲ. ಯಾವ ಕಾರ್ಖಾನೆಯವರೇ ಇವರು? ಇದನ್ನ ಮಾರೋಕೆ ನಾಚಿಕೆ ಆಗಲ್ವಾ?"

ಅವಳ ಪೆನ್ನು ನಿಂತಿತು. ಮತ್ತೆ ನಡೆಯಿತು. ಆರು ಹಲಗೆಯಲ್ಲೂ ಏಳಕ್ಕೆ ಎರಡೇ ಬಂತು. ಆರು ಸಲವೂ ನಾನು ಏನಾದರೊಂದು ಅಂದೆ.

ಸಂಜೆ ಕಾಲೇಜಿನಿಂದ ಲಕೋಟೆ ಒಡೆಸಿಕೊಂಡು ಬಂದಳು. ಬಾಯಲ್ಲಿ ಹೇಳಲಿಲ್ಲ, ಹಾಳೆಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಏಳು ನಮ್ಮ ಮನೆಯ ಕೆಂಪು. ಬೇರಿನದು ಅಷ್ಟಾಗಿ ಹೋಗಿಲ್ಲ, ಹಳದಿ ಹೂವಿನ ನೀರು ಪೂರ್ತಿ ಹಾರಿಹೋಗಿದೆ. ಮೂರು ಅವಳು ತಾನಾಗಿ ಕಂಡುಕೊಂಡ ವಿಧಾನ: ಪಟಿಕ ಹೆಚ್ಚು, ಬೇರನ್ನು ಎರಡು ದಿನ ನೆನೆಸುವುದು, ಕೊನೆಯ ಅದ್ದು ಇಲ್ಲ.

ಜೂನ್ ೨೮

ಹಂಡೆಯ ಹತ್ತಿರ ಹೋಗಲಿಲ್ಲ.

ಜೂನ್ ೨೯

ಸೊಸೆ ಬಂದು ಕೂತಳು. "ಅತ್ತೆ, ಏಳನೆಯದನ್ನ ಬಿಟ್ಟು ಒಂಬತ್ತೇ ಬರೀಬಹುದು. ಮೇಡಂನ ಕೇಳ್ದೆ. ಅಂಕ ಸ್ವಲ್ಪ ಕಡಿಮೆ ಬರಬಹುದು, ಪಾಸಿಗೆ ತೊಂದ್ರೆ ಇಲ್ಲ."

ಮಗನೂ ಬಾಗಿಲಲ್ಲೇ ನಿಂತಿದ್ದ. "ಹೂಂ ಅನ್ನು ಅಮ್ಮ. ಮೂರು ತಲೆಮಾರಿನ ಹೆಸರು. ವ್ಯಾಪಾರಿಗಳ ಕಿವಿಗೆ ಬಿದ್ರೆ?"

ನಾನು ಎದ್ದು ಹೋಗಿ ಪರದೆಗಳನ್ನು ನೋಡಿದೆ. ಹೋಟೆಲಿನವರಿಗೆ ಅರ್ಧ ಪರದೆ ಹೋಗಿಯಾಗಿದೆ. ಅರ್ಧ ಇಲ್ಲೇ ಮಡಿಸಿಟ್ಟಿದೆ, ಕೆಂಪಗೆ, ಹೊಳೆಯುತ್ತ.

ಜುಲೈ ೧

ಬೆಳಿಗ್ಗೆ ಇಬ್ಬರನ್ನೂ ಕರೆದೆ.

"ಏಳನೆಯದು ಇರಬೇಕು."

"ಅಮ್ಮ, ಬೀರುವಿನಲ್ಲಿಡೋ ಪುಸ್ತಕ ಅದು. ಯಾರು ಓದ್ತಾರೆ? ಸುಮ್ಮನೆ ಯಾಕೆ..."

"ಯಾರೂ ಓದ್ದೇ ಇದ್ರೂ ಹೋಟೆಲಿನ ಕಿಟಕಿ ಬಿಸಿಲು ಓದುತ್ತೆ ಕಣೋ. ವ್ಯಾಪಾರಿಗೆ ಫೋನ್ ಮಾಡು. ಪರದೆ ವಾಪಸ್ ಕಳಿಸಲಿ, ಬೇರೆ ಅದ್ದಿ ಕೊಡ್ತೀವಿ ಅಂತ ಹೇಳು. ಯಾಕೆ ಅಂತ ಕೇಳಿದ್ರೆ ನನಗೆ ಕೊಡು, ನಾನು ಹೇಳ್ತೀನಿ."

ಕೇಳಿದರು. ಹೇಳಿದೆ. ಯೋಚಿಸಿ ಹೇಳುತ್ತೇವೆ ಎಂದರು. ಯೋಚಿಸಲಿ.

ಸೊಸೆ ಹೇಳಿದಳು: "ಹಾಗಾದ್ರೆ 'ಒಂದು ಕಾರ್ಖಾನೆಯ ಹಳೆಯ ವಿಧಾನ' ಅಂತ ಹಾಕ್ತೀನಿ ಅತ್ತೆ. ಹೆಸರು ಬೇಡ."

"ಯಾಕೆ ಬೇಡ? ನಾನೇನು ಕದ್ದು ಅದ್ದಿದ್ನಾ? ಏಳರ ಪಕ್ಕ ನನ್ನ ಹೆಸರು ಹಾಕು. ಮೂರರ ಪಕ್ಕ ನಿನ್ನದು."

ಅವಳು ಎದ್ದು ಅಡುಗೆಮನೆಗೆ ಹೋದಳು. ತಳ ಹಿಡಿಯುವಂಥದ್ದು ಒಲೆಯ ಮೇಲೆ ಏನೂ ಇರಲಿಲ್ಲ.

ಆಗಸ್ಟ್ ೧೪

ಮೌಖಿಕ ಪರೀಕ್ಷೆ. ನಾನೂ ಹೋದೆ. ಹೊರಗಿನ ಬೆಂಚಿನ ಮೇಲೆ ಡಬ್ಬಿ ಹಿಡಿದುಕೊಂಡು ಕೂತಿದ್ದೆ, ನಾಲ್ಕು ಪಾಲಿನದು. ಅವಳ ಜೊತೆಯ ಹುಡುಗ ಹುಡುಗಿಯರು ಬಂದು ಸುತ್ತ ನಿಂತರು. "ನೀವು ಬೋರ್ಡ್ ಅಜ್ಜಿ ಅಲ್ವಾ?" ಎಂದಳು ಒಬ್ಬಳು. ವಿಭಾಗದಲ್ಲೆಲ್ಲ ಅದೇ ಹೆಸರಂತೆ. ಗದರಿಸಬೇಕೆಂದಿದ್ದೆ, ಡಬ್ಬಿ ಬಿಚ್ಚಿದೆ.

ಒಳಗೆ ನಡೆದದ್ದನ್ನು ಸೊಸೆ ಬಸ್ಸಿನಲ್ಲಿ ಹೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ಬಿಗಿ ಮನುಷ್ಯ. "ಅಂಕ ಕೊಟ್ಟವರು ನಿಮ್ಮ ಅತ್ತೆ. ಮಾದರಿಯಲ್ಲಿ ಒಂದು ಅವರದೇ. ಪಕ್ಷಪಾತ ಮಾಡಿಲ್ಲ ಅಂತ ಹೇಗೆ ನಂಬೋದು?" ಎಂದರಂತೆ.

ಇವಳು ನೋಟು ಪುಸ್ತಕ ತೆಗೆದು ಕೊಟ್ಟಳಂತೆ. ಜೂನ್ ೨೭ರ ಪುಟದಲ್ಲಿ, ಏಳನೆಯ ಪಟ್ಟಿಯ ಎದುರು, ನಾನು ಆರು ಸಲ ಆಡಿದ ಮಾತನ್ನೂ ಅಕ್ಷರ ಬಿಡದೆ ಬರೆದಿಟ್ಟಿದ್ದಾಳೆ. ಪರೀಕ್ಷಕರು ಅಷ್ಟನ್ನೂ ಗಟ್ಟಿಯಾಗಿ ಓದಿದರಂತೆ. ನಾಲ್ಕನೆಯದಕ್ಕೆ ಮೇಡಂ ಮುಖ ತಿರುಗಿಸಿಕೊಂಡರಂತೆ. ಐದನೆಯದಕ್ಕೆ ಪರೀಕ್ಷಕರೇ ಕನ್ನಡಕ ತೆಗೆದು ಒರೆಸಿಕೊಂಡರಂತೆ.

"ಮುಂದೆ?"

"ಮುಂದೇನು ಅತ್ತೆ, ಪಾಸು!"

"ಅದನ್ನ ಮೊದಲು ಹೇಳಬಾರದೇನೇ?" ಎಂದು ಬೈದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ.

ಆಗಸ್ಟ್ ೨೫

ಹೋಟೆಲಿನವರು ಪರದೆ ವಾಪಸು ಕಳಿಸಿದರು. ಮೂರನೆಯ ವಿಧಾನದಲ್ಲಿ ಅದ್ದಿ ಕೊಡಿ ಎಂದು ಚೀಟಿ ಇಟ್ಟಿದ್ದಾರೆ. ಸೊಸೆ ಹಂಡೆಯ ಎದುರು ನಿಂತು ಹೇಳಿದಳು. ನಾನೂ ಕೋಲಣ್ಣನೂ ಮಾಡಿದೆವು. ಪಟಿಕ ಅಷ್ಟು ಯಾಕೆ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಬೇಸರಿಸದೆ ಹೇಳಿದಳು. ಕೋಲಣ್ಣನಿಗೆ ಸಮಾಧಾನವಿಲ್ಲ: "ದೊಡ್ಡ ಅಮ್ಮಾವ್ರ ಕಾಲದ ಹೊಳಪು ಬರಲ್ಲ ಬಿಡಿ." ದೊಡ್ಡ ಅಮ್ಮಾವ್ರು ಅಂದರೆ ನಮ್ಮ ಅತ್ತೆ. ಹೊಳಪು ಸ್ವಲ್ಪ ಕಡಿಮೆಯೇ. ಅವನ ಮಾತು ನಿಜ.

ಅದಕ್ಕೇ ನನಗೊಂದು ಯೋಚನೆ ಬಂತು. ಹಳದಿ ಹೂವಿನ ಬದಲು ದಾಳಿಂಬೆ ಸಿಪ್ಪೆಯ ನೀರು. ಸೊಸೆಗೆ ಹೇಳಿದೆ. "ನೋಡ್ಬೇಕು ಅತ್ತೆ" ಎಂದಳು, ಅಷ್ಟೇ. ಹೊಗಳುವ ಅಭ್ಯಾಸ ಅವಳಿಗಿಲ್ಲ.

ದಿನ ೧. ಹಲಗೆ ಒಂದು, ಪಟ್ಟಿ ಹತ್ತು. ಬಿಸಿಲು ಒಂಬತ್ತಕ್ಕೆ ಬಂತು. ಈ ಬಣ್ಣ ನಿಲ್ಲುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ ಎಂದು ಬರೆದಿದ್ದೆ. ಮನಸ್ಸು ಹೇಳಿದ್ದಕ್ಕೆ ಕಾಲಂ ಇಲ್ಲವಂತೆ. ಅಡ್ಡಗೆರೆ ಎಳೆದಿದ್ದೇನೆ.

ಇನ್ನು ಎಂಬತ್ತೊಂಬತ್ತು ದಿನ.